ಹೆಸರು ಕೆತ್ತಿಸಿದ ತಟ್ಟೆ

ಚೆನ್ನಯ್ಯನವರ ಮನೆಯಲ್ಲಿ ಇಪ್ಪತ್ತನಾಲ್ಕು ಸ್ಟೀಲ್ ತಟ್ಟೆಗಳಿದ್ದವು, ಒಂದರ ಮೇಲೂ ಯಾರ ಹೆಸರೂ ಇರಲಿಲ್ಲ. ಕಟ್ಟಾಯದ ಆಚೆ ಊರಿನಲ್ಲಿ ಹೊಸ ಮನೆ ಕಟ್ಟಿದ ವರ್ಷ ಹಾಸನದ ಪಾತ್ರೆ ಅಂಗಡಿಯಲ್ಲಿ ಅವನ್ನು ಕೊಂಡಾಗ, ಅಂಗಡಿಯವನು ವಾಡಿಕೆಯಂತೆ ಹೆಸರು ಕೆತ್ತುವ ಮಿಷನ್ನು ಕೈಗೆತ್ತಿಕೊಂಡು ಯಾರ ಹೆಸರು ಹಾಕಲಿ ಎಂದು ಕೇಳಿದ್ದ. ಯಾರದೂ ಬೇಡ ಎಂದಿದ್ದರು. ಹೆಸರಿಲ್ಲದ ಪಾತ್ರೆ ಮದುವೆ ಮನೆಗೆ ಹೋದರೆ ವಾಪಸ್ ಬರುವುದಿಲ್ಲ ಎಂದು ಅವನು ಬುದ್ಧಿ ಹೇಳಿದ. ಹೋದರೆ ಹೋಗಲಿ, ಇದು ಇಂಥವರ ತಟ್ಟೆ, ಅದು ಅಂಥವರ ತಟ್ಟೆ ಅನ್ನುವ ಮಾತೇ ನಮ್ಮ ಮನೆಯಲ್ಲಿ ಹುಟ್ಟಕೂಡದು ಎಂದು ಹೇಳಿ, ಗಂಟು ಕಟ್ಟಿಸಿಕೊಂಡು ಬಸ್ಸು ಹತ್ತಿದ್ದರು.

ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮನುಷ್ಯ. ಒಮ್ಮೆ ಬಿಗಿದ ಬೋಲ್ಟು, ಒಮ್ಮೆ ಆಡಿದ ಮಾತು ಎರಡನ್ನೂ ಸಡಿಲ ಬಿಟ್ಟವರಲ್ಲ. ಈ ತಟ್ಟೆಯ ಹಟ ಎಲ್ಲಿಂದ ಬಂತು ಎಂಬುದು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಅವರು ಹುಡುಗರಾಗಿದ್ದಾಗ ಊರ ಹೋಟೆಲಿನ ಸೂರಿನ ಸಂದಿಯಲ್ಲಿ ಎರಡು ಲೋಟ ಸಿಕ್ಕಿಸಿಟ್ಟಿರುತ್ತಿದ್ದರು. ಇವರ ಕೇರಿಯವರು ಬಂದರೆ ಆ ಲೋಟ ತಾವೇ ತೆಗೆದುಕೊಂಡು, ಹೊರಗೆ ಕೂತು, ಮೇಲಿನಿಂದ ಹೊಯ್ದ ಕಾಫಿ ಕುಡಿದು, ತೊಳೆದು ಮತ್ತೆ ಸೂರಿಗೆ ಸಿಕ್ಕಿಸಿ ಹೋಗಬೇಕು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಚೆನ್ನಯ್ಯ ಸೀದಾ ಒಳಗೆ ಹೋಗಿ ಬೆಂಚಿನ ಮೇಲೆ ಕೂತು, ಒಳಗಿನ ಲೋಟದಲ್ಲೇ ಕಾಫಿ ಕೊಡಿ ಎಂದರು. ಕಾಫಿ ಬರಲಿಲ್ಲ, ಏಟು ಬಿತ್ತು. ಮುಂದಿನ ಒಂದು ಹಲ್ಲು ಅಲ್ಲೇ ಹೋಯಿತು. ಆ ಖಾಲಿ ಜಾಗವನ್ನು ಅವರು ಕಟ್ಟಿಸಿಕೊಳ್ಳಲೇ ಇಲ್ಲ. ಮೊಮ್ಮಗಳು ರಂಜಿನಿಗೆ ಈ ಕಥೆ ಎಷ್ಟು ಪ್ರೀತಿಯೆಂದರೆ, ತಾತನ ಬಾಯಿಯ ಆ ಸಂದಿಗೆ ಕಿರುಬೆರಳು ಇಟ್ಟುಕೊಂಡೇ ಕೇಳುತ್ತಿದ್ದಳು.

ಇನ್ನೊಂದು ಕಥೆ ಇತ್ತು. ಅದನ್ನು ತೀರಿಹೋದ ಹೆಂಡತಿ ಪಾರ್ವತಮ್ಮನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹತ್ತು ವರ್ಷದ ಚೆನ್ನಯ್ಯ ಗೌಡರ ದನ ಮೇಯಿಸುತ್ತಿದ್ದಾಗ ಒಂದು ದಿನ ಒಳ್ಳೆಯ ಸೀಬೆಹಣ್ಣು ಸಿಕ್ಕಿತು. ತಿನ್ನದೆ ತಂದು, ತಮ್ಮನ್ನು ಕಂಡರೆ ನಗುತ್ತಿದ್ದ ಗೌಡರ ಪುಟ್ಟ ಮಗಳಿಗೆ ಚಾಚಿದ್ದರು. ಮಗು ಕೈ ನೀಡಿತು. ನೀಡಿದ್ದೇ, ಜಗಲಿಯ ಮೇಲಿದ್ದ ತಾಯಿಯ ಮುಖ ನೋಡಿತು. ತಾಯಿ ಬೇಡವೆಂದು ತಲೆಯಾಡಿಸಿದಳು, ಕೈ ಹಿಂದಕ್ಕೆ ಹೋಯಿತು. ಹಲ್ಲು ಮುರಿದ ಏಟು ಎಷ್ಟೋ ಸಲ ಮರೆತುಹೋಗುತ್ತಿತ್ತು, ಆ ಮಗು ತಾಯಿಯ ಕಡೆ ತಿರುಗಿದ ನೋಟ ಮಾತ್ರ ಮರೆಯುತ್ತಿರಲಿಲ್ಲ.

ಅದಕ್ಕೇ ಇರಬೇಕು, ಆ ಮನೆಯಲ್ಲಿ ಒಂದು ರೂಢಿ ಬೆಳೆದಿತ್ತು. ಸಂಜೆ ಊಟಕ್ಕೆ ಕೂತಾಗ ಚೆನ್ನಯ್ಯನವರ ತಟ್ಟೆಯ ಮೊದಲ ತುತ್ತು ಮನೆಯ ಎಲ್ಲರಿಗಿಂತ ಚಿಕ್ಕವರ ಬಾಯಿಗೆ ಹೋಗಬೇಕು. ಮಗ ನಟರಾಜು ಮೀಸೆ ಬರುವವರೆಗೂ ಆ ತುತ್ತು ತಿಂದಿದ್ದ. ಈಗ ಅದು ಎಂಟು ವರ್ಷದ ರಂಜಿನಿಯ ಪಾಲು. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ, ಅದರ ಕೆಳಗೆ ಪುಟ್ಟ ಬುದ್ಧ, ಅದರ ಕೆಳಗೆ ಬಾಯಿ ತೆರೆದು ಕೂತ ಮೊಮ್ಮಗಳು. ಮುದುಕರಿಗೆ ದಿನವೆಲ್ಲ ಬದುಕಿದ್ದು ಸಾರ್ಥಕವಾಗುತ್ತಿದ್ದುದು ಆ ಹೊತ್ತಿನಲ್ಲೇ.

ಆದರೆ ಹುಡುಗಿ ಬೆಳೆಯುತ್ತಿರಲಿಲ್ಲ. ಹೊಟ್ಟೆ ಉಬ್ಬರ, ಕೈಕಾಲು ಕಡ್ಡಿ, ಮುಖದಲ್ಲಿ ರಕ್ತವೇ ಇಲ್ಲ. ಎರಡು ದಿನಕ್ಕೊಮ್ಮೆ ಭೇದಿ. ಎರಡು ವರ್ಷ ಜಂತುಹುಳದ ಔಷಧಿ, ಟಾನಿಕ್ಕು, ದೃಷ್ಟಿ ತೆಗೆಯುವುದು ಎಲ್ಲ ಆಯಿತು. ಸೊಸೆ ಯಶೋಧರಾಳ ತವರು ಚನ್ನರಾಯಪಟ್ಟಣದ ಕಡೆ. ಅಲ್ಲಿನವರು ನಿಮ್ಮೂರ ನೀರು ಸರಿಯಿಲ್ಲ ಎಂದರು, ಇಲ್ಲಿನವರು ಅವಳು ಸರಿಯಾಗಿ ಉಣ್ಣಿಸುವುದಿಲ್ಲ ಎಂದರು. ಕೊನೆಗೆ ಹಾಸನದ ದೊಡ್ಡಾಸ್ಪತ್ರೆಯಲ್ಲಿ ದಿವ್ಯಾ ಎಂಬ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಬಾಯಿಂದ ಟ್ಯೂಬು ಬಿಟ್ಟು ಕರುಳಿನ ಚೂರು ತೆಗೆದು ನೋಡಿ, ಕಾಯಿಲೆಗೆ ಹೆಸರು ಕೊಟ್ಟರು. ಸೀಲಿಯಾಕ್. ಗೋಧಿಯಲ್ಲಿರುವ ಗ್ಲುಟೆನ್ ಅನ್ನುವುದು ಇವಳ ಕರುಳಿಗೆ ಆಗದು. ಇದಕ್ಕೆ ಮಾತ್ರೆ ಇಲ್ಲ, ಆಪರೇಷನ್ ಇಲ್ಲ. ಬದುಕಿರುವವರೆಗೂ ಗೋಧಿಯ ಒಂದು ಪುಡಿಯೂ ಹೊಟ್ಟೆಗೆ ಹೋಗಬಾರದು, ಅಷ್ಟೇ ಔಷಧಿ ಎಂದರು.

ಇಷ್ಟೇನಾ ಎಂದು ನಟರಾಜುವಿಗೆ ನೆಮ್ಮದಿಯೇ ಆಯಿತು. ಅವನು ಲೈನ್‌ಮನ್, ಬೆಳಿಗ್ಗೆ ಹೋದರೆ ಸಂಜೆಗೆ ಬರುವವನು. ನಾವು ಮುದ್ದೆ ತಿನ್ನೋ ಜನ, ನಮಗೇಕೆ ಗೋಧಿ ಎಂದ. ಆ ಇಷ್ಟೇ ಎಂಬುದು ಎಷ್ಟು ದೊಡ್ಡದು ಎಂದು ಗೊತ್ತಾದದ್ದು ಯಶೋಧರಾಳಿಗೆ. ಚಪಾತಿ, ಉಪ್ಪಿಟ್ಟು, ಶ್ಯಾವಿಗೆ, ಬಿಸ್ಕತ್ತು, ಬ್ರೆಡ್ಡು ಸರಿ, ಅವು ಕಣ್ಣಿಗೆ ಕಾಣುವಂಥವು. ಒಬ್ಬಟ್ಟಿನ ಕಣಕ ಮೈದಾ. ಮಕ್ಕಳು ಪುಷ್ಟಿಯಾಗಲಿ ಎಂದು ಹಾಲಿಗೆ ಹಾಕುವ ಪುಡಿಯಲ್ಲಿ ಬಾರ್ಲಿ ಇತ್ತು, ಅದೂ ಆಗದಂತೆ. ಸಾರಿನ ಒಗ್ಗರಣೆಗೆ ಬೀಳುವ ಇಂಗಿನ ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಗೋಧಿ ಹಿಟ್ಟು ಎಂದು ಬರೆದದ್ದನ್ನು ಓದಿದ ದಿನ ಅವಳು ಒಲೆಯ ಮುಂದೆ ಕೂತು ಅತ್ತಳು. ಎರಡು ವರ್ಷ ದಿನಾ ತನ್ನ ಕೈಯಾರೆ ಹಾಕಿದ್ದಳಲ್ಲ. ರಾಗಿಯೂ ನಂಬುವಂತಿರಲಿಲ್ಲ. ಮಿಲ್ಲಿನಲ್ಲಿ ಮೊದಲು ಯಾರದೋ ಗೋಧಿ ಬೀಸಿ ಆಮೇಲೆ ಇವರ ರಾಗಿ ಸುರಿದರೆ ಮುಗಿಯಿತು. ಅರಕಲಗೂಡಿನಲ್ಲಿದ್ದ ಅವಳ ಅಕ್ಕನ ಮನೆಯಲ್ಲಿ ಇನ್ನೂ ಬೀಸುಕಲ್ಲಿತ್ತು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿ, ತಾನೇ ಬೀಸಿ, ಹಿಟ್ಟು ಹೊತ್ತು ತರುತ್ತಿದ್ದಳು. ಸ್ಕೂಲಿನ ಮೇಡಮ್ಮನ ಕಾಲಿಗೆ ಬೀಳುವುದೊಂದು ಬಾಕಿ, ಯಾರ ಹುಟ್ಟುಹಬ್ಬಕ್ಕೂ ಕೇಕು ಕೊಡಬೇಡಿ ಎಂದು ಹೇಳಿಬಂದಳು. ಹೊಳೆನರಸೀಪುರದಲ್ಲಿ ನೆಂಟರ ಮದುವೆಯಾದಾಗ ಮಗಳ ಊಟವನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗಿ, ನಮ್ಮೂಟ ಸೇರುವುದಿಲ್ಲವೇನೋ ಎಂಬ ಮಾತು ಕೇಳಿಬಂದಳು.

ಇಷ್ಟೆಲ್ಲ ಮಾಡಿದವಳು ಒಂದು ಕಡೆ ಸೋತಳು. ಮಗುವಿಗೆ ಕಾವಲಿ, ಸೌಟು, ತಟ್ಟೆ, ಲೋಟ ಎಲ್ಲ ಬೇರೆ ಇಡಿ ಎಂದು ಡಾಕ್ಟರು ಹೇಳಿದ್ದರು. ಅವಳು ಹಾಸನದಿಂದ ಹೊಸ ತಟ್ಟೆ ತಂದಳು. ಬೆರೆತುಹೋಗದಿರಲಿ ಎಂದು ಅಂಚಿನಲ್ಲಿ ರಂಜಿನಿ ಎಂದು ಹೆಸರು ಕೆತ್ತಿಸಿದ್ದಳು. ಚೆನ್ನಯ್ಯ ಅದನ್ನು ಕೈಗೆತ್ತಿಕೊಂಡು ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿದರು. ಅವರ ಮುಖ ಕಪ್ಪಿಟ್ಟ ಬಗೆ ಕಂಡು ಯಶೋಧರಾ ಎರಡು ಹೆಜ್ಜೆ ಹಿಂದೆ ಸರಿದಳು.

"ಇದ್ಯಾವನ್ ಕೂಸ್ಗೆ ಬ್ಯಾರೆ ತಟ್ಟೆ ಅಂತ ತಂದಿದ್ದೀಯವ್ವ?" ಎಂದರು. "ನನ್ನೊಬ್ಬನ ತಲೆಗೆ ಸಾಕಾಗ್ಲಿಲ್ವಾ ಅದು?"

ಅದು ಬೇರೆ, ಇದು ಬೇರೆ ಎಂದು ಅವಳು ಹೇಳಿದಳು. ಡಾಕ್ಟರು ಹೇಳಿದ್ದು, ಮಗುವಿನ ಒಳ್ಳೆಯದಕ್ಕೆ ಎಂದು ಹೇಳಿದಳು. ಅವರಿಗೆ ಅರ್ಥವಾಗಲಿಲ್ಲ ಎಂದಲ್ಲ, ಬಸ್ಸಿನ ಇಂಜಿನ್ನು ಬಿಚ್ಚಿ ಕಟ್ಟಿದವರಿಗೆ ಇಷ್ಟು ಅರ್ಥವಾಗದೆ ಏನು. ಆದರೆ ಅರ್ಥವಾಗುವ ಜಾಗಕ್ಕೂ ನೋಯುವ ಜಾಗಕ್ಕೂ ನಡುವೆ ದಾರಿ ಇರಲಿಲ್ಲ. ಆ ತಟ್ಟೆಯನ್ನು ತಮ್ಮ ಹಳೆಯ ಖಾಕಿ ಬಟ್ಟೆಯಿದ್ದ ಟ್ರಂಕಿನಲ್ಲಿ ಹಾಕಿ ಬೀಗ ಹಾಕಿದರು. ಬೇಕಾದರೆ ಇಪ್ಪತ್ತನಾಲ್ಕನ್ನೂ ಮೂರು ಸಲ ತೊಳಿ, ಇದೊಂದು ಬೇಡ ಎಂದರು. ಅವಳು ಮೂರು ಸಲವೇ ತೊಳೆದಳು.

ಮನೆಯಲ್ಲಿ ಗೋಧಿ ಉಳಿದದ್ದು ಚೆನ್ನಯ್ಯನವರಿಗಾಗಿಯೇ. ಸಕ್ಕರೆ ಕಾಯಿಲೆ ನೋಡುವ ಡಾಕ್ಟರು ರಾತ್ರಿ ಚಪಾತಿ ತಿನ್ನಿ ಎಂದಿದ್ದರು. ಯಶೋಧರಾ ಎಲ್ಲ ಅಡುಗೆ ಮುಗಿಸಿ, ಮುಚ್ಚಿಟ್ಟು, ಕೊನೆಗೆ ಅವರ ಎರಡು ಚಪಾತಿ ಸುಟ್ಟು, ಮಣೆ ಲಟ್ಟಣಿಗೆ ತೊಳೆದು ಹಿತ್ತಲಲ್ಲಿ ಒಣಗಿಸುತ್ತಿದ್ದಳು. ಮಾವನ ಹತ್ತಿರ ಒಂದೇ ಒಂದು ಕೇಳಿಕೊಂಡಿದ್ದಳು, ನಿಮ್ಮ ತಟ್ಟೆಯಿಂದ ಅವಳಿಗೆ ತುತ್ತು ಕೊಡಬೇಡಿ ಅಂತ. ಅವರು ಆಯಿತು ಎಂದು ತಲೆಯಾಡಿಸಿದ್ದರು.

ನಾಲ್ಕು ದಿನ ತಡೆದರು. ಐದನೆಯ ದಿನ ಸಂಜೆ ರಂಜಿನಿ ಎಂದಿನಂತೆ ಪಕ್ಕದಲ್ಲಿ ಬಂದು ಕೂತಳು. ಬಾಯಿ ತೆರೆಯಲಿಲ್ಲ, ಸುಮ್ಮನೆ ಕೂತಳು. ಸೊಸೆ ಒಲೆಯ ಹತ್ತಿರವಿದ್ದಳು. ಚೆನ್ನಯ್ಯ ತಮ್ಮ ತಟ್ಟೆಯಲ್ಲಿದ್ದ ಅನ್ನವನ್ನೇ ಒಂದು ತುತ್ತು ಮಾಡಿ ಕೊಟ್ಟರು. ಅನ್ನ ತಾನೇ, ಚಪಾತಿ ಅಲ್ಲವಲ್ಲ ಎಂದುಕೊಂಡರು. ಚಪಾತಿ ಮುರಿದ ಬೆರಳಿನಲ್ಲೇ ಆ ಅನ್ನ ಕಲಸಿದ್ದು ಅವರ ಲೆಕ್ಕಕ್ಕೆ ಬರಲಿಲ್ಲ. ಆಮೇಲೆ ಅದು ದಿನದ ಮಾತಾಯಿತು. ಒಮ್ಮೊಮ್ಮೆ ಹುಡುಗಿಯ ಕಣ್ಣು ಚಪಾತಿಯ ಮೇಲಿದ್ದರೆ ಕಾಸಿನಗಲ ಮುರಿದು ಬೆಲ್ಲ ಇಟ್ಟು ಕೊಟ್ಟದ್ದೂ ಉಂಟು. ಇಷ್ಟಕ್ಕೆ ಏನಾದೀತು, ಪ್ರೀತಿಯಿಂದ ಕೊಟ್ಟದ್ದು ಕೇಡು ಮಾಡುತ್ತದೆಯೇ ಎಂಬುದು ಅವರ ನಂಬಿಕೆ. ಅಮ್ಮನಿಗೆ ಹೇಳಬೇಡ ಎಂದು ಕಿವಿಯಲ್ಲಿ ಹೇಳುತ್ತಿದ್ದರು. ಅವಳು ಯಾರಿಗೂ ಹೇಳಲಿಲ್ಲ.

ಆರು ತಿಂಗಳಾದರೂ ಹುಡುಗಿ ಚೇತರಿಸಿಕೊಳ್ಳಲಿಲ್ಲ. ಒಂದು ಭಾನುವಾರ ಜಗಲಿಯಿಂದ ಇಳಿಯುವಾಗ ಕಾಲು ಜಾರಿ ಕೂತಳು, ಬಿದ್ದಳೆಂದು ಹೇಳುವಂಥದ್ದೂ ಅಲ್ಲ ಅದು. ಊರಿದ ಬಲಗೈ ಮಣಿಕಟ್ಟಿನ ಹತ್ತಿರ ಮುರಿಯಿತು.

ಹಾಸನದಲ್ಲಿ ಪ್ಲಾಸ್ಟರು ಹಾಕಿ ವಾರ್ಡಿನಲ್ಲಿ ಮಲಗಿಸಿದರು. ಡಾಕ್ಟರ್ ದಿವ್ಯಾ ಮತ್ತೆ ರಕ್ತ ಪರೀಕ್ಷೆ ಮಾಡಿಸಿದರು. ಕರುಳು ಸ್ವಲ್ಪವೂ ವಾಸಿಯಾಗಿಲ್ಲ, ತಿಂದದ್ದು ಮೈಗೆ ಹತ್ತುತ್ತಿಲ್ಲ, ಅದಕ್ಕೇ ಮೂಳೆ ಇಷ್ಟು ಮೆತ್ತಗಾಗಿದೆ ಎಂದರು. ಎಲ್ಲಿಂದಲೋ ಗೋಧಿ ಹೋಗುತ್ತಿದೆ, ದಿನಾ ಹೋಗುತ್ತಿದೆ, ಮನೆಯಲ್ಲಿ ಹುಡುಕಿ ಎಂದು ಯಶೋಧರಾಳ ಮುಖ ನೋಡಿ ಹೇಳಿದರು.

ನಟರಾಜು ಕಾರಿಡಾರಿನಲ್ಲಿ ಹೆಂಡತಿಯ ಮೇಲೆ ರೇಗಿದ. ಒಂದು ಮಗುವಿನ ಊಟ ನೋಡಿಕೊಳ್ಳಲು ಆಗುವುದಿಲ್ಲವೇ, ದಿನವೆಲ್ಲ ಮನೆಯಲ್ಲಿ ಏನು ಮಾಡುತ್ತೀಯ ಎಂದ. ಹೋಗಿ ಬರುವವರೆಲ್ಲ ತಿರುಗಿ ನೋಡುತ್ತಿದ್ದರು. ಯಶೋಧರಾ ಬೆರಳು ಮಡಚುತ್ತ ತನ್ನಷ್ಟಕ್ಕೆ ಎಣಿಸುತ್ತಿದ್ದಳು. ಸಾರಿನ ಪುಡಿ, ಅಂಗಡಿಯ ಕಡಲೆಹಿಟ್ಟು, ಅಕ್ಕನ ಮನೆಯ ಬೀಸುಕಲ್ಲು, ಅಲ್ಲೇನಾದರೂ ಯಾರಾದರೂ ಗೋಧಿ ಬೀಸಿದ್ದರೋ ಏನೋ. ಚೆನ್ನಯ್ಯ ಗೋಡೆಗೆ ಒರಗಿ ನಿಂತಿದ್ದರು. ಹತ್ತೊಂಬತ್ತರ ವಯಸ್ಸಿನಲ್ಲಿ ಊರಿಗೆ ಊರೇ ಎದುರು ನಿಂತಾಗ ಆಡಿದ ಬಾಯಿ, ಎಪ್ಪತ್ತೆರಡರಲ್ಲಿ ಮಗ ಸೊಸೆಯ ಎದುರು ಬಿಚ್ಚಲಿಲ್ಲ. ನಾಚಿಕೆಗೇಡು ಎಂದರೆ ಅದು, ಅವರಿಗೂ ಗೊತ್ತಿತ್ತು.

ಮಗ ಸೊಸೆ ಔಷಧಿ ತರಲು ಕೆಳಗೆ ಹೋದರು. ಚೆನ್ನಯ್ಯ ಮೊಮ್ಮಗಳ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತರು. ಮನುಷ್ಯನ ಮನಸ್ಸು ಎಂಥದು ನೋಡಿ, ಆಗಲೂ ಅವರು ಹುಡುಕುತ್ತಿದ್ದುದು ಬೇರೆ ಏನಾದರೂ ಕಾರಣ ಸಿಕ್ಕೀತೇ ಎಂದು.

"ಅಮ್ಮ ಏನಾರ ಬಿಸ್ಕತ್ತು ಗಿಸ್ಕತ್ತು ಕೊಟ್ಟಿದ್ಲಾ ಮಗ?"

"ಇಲ್ಲ ತಾತ."

"ಸ್ಕೂಲಲ್ಲಿ?"

"ಸ್ಕೂಲಲ್ಲಿ ಡಬ್ಬಿ ಊಟನೇ ತಾನೆ." ಹುಡುಗಿ ಪ್ಲಾಸ್ಟರಿನ ಮೇಲೆ ಎಡಗೈ ಉಗುರಿನಿಂದ ಗೀರುತ್ತಿದ್ದಳು. "ನೀನ್ ಕೊಟ್ಟಿದ್ದು ಅಷ್ಟೇಯ. ನಾನ್ ಯಾರ್ಗೂ ಯೋಳಿಲ್ಲ."

ಚೆನ್ನಯ್ಯ ಸ್ಟೂಲನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡರು. ದನಿ ತಗ್ಗಿಸಿ ಕೇಳಿದರು.

"ಅದು ತಿಂದ್ರೆ ನೋವಾಯ್ತಿತ್ತಾ ನಿಂಗೆ?"

"ಊಂ. ಮನಿಕಂಡ್ ಮ್ಯಾಲೆ. ದಿಂಬು ಒಟ್ಟೆಗೆ ಒತ್ಕಂಡ್ರೆ ವಸಿ ಕಮ್ಮಿ ಆಗದು."

"ಗೊತ್ತಿದ್ದೂ ಯಾಕ್ ತಿಂತಿದ್ದೆ ಕೂಸೆ? ಬ್ಯಾಡ ತಾತ ಅನ್ಬಾರ್ದಿತ್ತಾ?"

ರಂಜಿನಿ ತಾತನಿಗೆ ಇಷ್ಟೂ ತಿಳಿಯದೇ ಎಂಬಂತೆ ನೋಡಿದಳು.

"ಬ್ಯಾಡ ಅಂದ್ರೆ ನಿಂಗೆ ಆ ಲೋಟದೋರು ಮಾಡ್ದಂಗೆ ಆಯ್ತದಲ್ಲ ತಾತ."

ಚೆನ್ನಯ್ಯ ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರು. ಹಲ್ಲು ಹೋದ ದಿನ ಅತ್ತಿರಲಿಲ್ಲ, ಪಾರ್ವತಮ್ಮ ಹೋದ ದಿನ ಮರೆಯಲ್ಲಿ ಅತ್ತಿದ್ದರು. ಈಗ ವಾರ್ಡಿನ ತುಂಬ ಜನರಿದ್ದರು, ಅವರಿಗೆ ಯಾರೂ ಕಾಣಲಿಲ್ಲ. ತಾವು ಹೇಳಿದ ಕಥೆಯನ್ನು ಈ ಮಗು ಹೊಟ್ಟೆಯೊಳಗೆ ಇಟ್ಟುಕೊಂಡು, ತಾತನಿಗೆ ಇನ್ನೊಮ್ಮೆ ಅವಮಾನವಾಗದಿರಲಿ ಎಂದು ಆರು ತಿಂಗಳು ದಿನಾ ತುತ್ತು ನುಂಗಿದೆ. ದಿಂಬು ಒತ್ತಿಕೊಂಡು ಮಲಗಿದೆ. ಗೋಡೆಯ ಆಚೆ ಕೋಣೆಯಲ್ಲೇ ತಾವು ನಿದ್ದೆ ಮಾಡಿದ್ದಾರೆ.

ಮಗ ಸೊಸೆ ಬಂದೊಡನೆ ಕಾರಿಡಾರಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದರು. ಅನ್ನದ ತುತ್ತು, ಬೆಲ್ಲ ಇಟ್ಟ ಚಪಾತಿಯ ಚೂರು, ಕಿವಿಯಲ್ಲಿ ಹೇಳಿದ ಮಾತು, ಯಾವುದನ್ನೂ ಬಿಡಲಿಲ್ಲ. ಬೈದರೆ ಬೈಯಲಿ ಎಂದು ತಲೆ ತಗ್ಗಿಸಿ ನಿಂತರು. ನಟರಾಜು ಕಿಟಕಿಯ ಕಡೆ ಮುಖ ಮಾಡಿದ. ಅವನೂ ಆ ತಟ್ಟೆಯ ಮೊದಲ ತುತ್ತು ತಿಂದು ಬೆಳೆದವನು. ಯಶೋಧರಾ ಔಷಧಿಯ ಚೀಟಿಯನ್ನು ನಾಲ್ಕಾಗಿ ಮಡಚಿದಳು.

"ಇಂಗಿನ ಡಬ್ಬಿನ ಅನುಮಾನ ಪಟ್ಟೆ ಮಾವ," ಎಂದಳು. "ನಮ್ಮಕ್ಕನ ಮನೆ ಬೀಸ್ಕಲ್ಲನ್ನ ಅನುಮಾನ ಪಟ್ಟೆ. ನನ್ ಕೈನೇ ಅನುಮಾನ ಪಟ್ಟೆ. ನಿಮ್ಮನ್ನ ಒಂದಿನಾನೂ ಪಡ್ಲಿಲ್ಲ."

ಅಷ್ಟೇ ಹೇಳಿದ್ದು. ಆಮೇಲೆ ಮಗಳ ಹತ್ತಿರ ಹೋಗಿ ಕೂತಳು.

ಮನೆಗೆ ಬಂದ ದಿನವೇ ಚೆನ್ನಯ್ಯ ಗೋಧಿ ಹಿಟ್ಟಿನ ಡಬ್ಬಿ, ಮಣೆ, ಲಟ್ಟಣಿಗೆ, ಕಾವಲಿ ಎಲ್ಲ ಗಂಟು ಕಟ್ಟಿ ಪಕ್ಕದ ಮನೆಯ ಬೈರಯ್ಯನಿಗೆ ಕೊಟ್ಟು ಬಂದರು. ಸಕ್ಕರೆ ಡಾಕ್ಟರಿಗೆ, ನಾನು ರಾಗಿ ಮುದ್ದೆಯನ್ನೇ ಅಳತೆಯಲ್ಲಿ ತಿನ್ನುತ್ತೇನೆ, ಮಾತ್ರೆ ನೋಡಿ ಕೊಡಿ ಎಂದು ಹೇಳಿಬಂದರು. ಟ್ರಂಕಿನ ಬೀಗ ತೆಗೆದು, ಖಾಕಿ ಅಂಗಿಯ ಅಡಿಯಿಂದ ಆ ತಟ್ಟೆ ಹೊರತೆಗೆದು, ತಾವೇ ಬೂದಿ ಹಾಕಿ ತಿಕ್ಕಿದರು. ರಂಜಿನಿ ಎಂಬ ಅಕ್ಷರಗಳ ಸಂದಿಯಲ್ಲಿ ಕೂತ ಧೂಳನ್ನು ಕಡ್ಡಿಯಿಂದ ಕೆದಕಿ ತೆಗೆದರು. ಮನೆಯಲ್ಲೀಗ ಗೋಧಿಯ ಸುಳಿವೇ ಇಲ್ಲ, ಬೇರೆ ತಟ್ಟೆ ಬೇಕಾಗಿಯೇ ಇಲ್ಲ ಎಂದು ಯಶೋಧರಾ ಹೇಳಿದಳು. ಇರಲಿ, ಅದು ಅವಳದು ಎಂದರು. ತಾವು ಮಾತ್ರ ನಾಲ್ಕು ಮೊಳ ದೂರ ಕೂತು ಉಣ್ಣತೊಡಗಿದರು. ಯಾರೂ ಹೇಳಿದ್ದಲ್ಲ. ಮೊದಲ ತುತ್ತು ಯಾರ ಬಾಯಿಗೂ ಹೋಗುತ್ತಿರಲಿಲ್ಲ, ಅವರೇ ನುಂಗುತ್ತಿದ್ದರು.

ಮೂರು ವಾರ ಹೀಗೇ ಹೋಯಿತು. ಹುಡುಗಿಯ ಬಲಗೈ ಪ್ಲಾಸ್ಟರಿನಲ್ಲಿದ್ದುದರಿಂದ ಅಮ್ಮನೇ ಉಣ್ಣಿಸುತ್ತಿದ್ದಳು. ಭೇದಿ ನಿಂತಿತ್ತು, ಹೊಟ್ಟೆ ಉಬ್ಬರ ಇಳಿದಿತ್ತು, ಕೆನ್ನೆಗೆ ಬಣ್ಣ ಬರುವ ಹಾಗಿತ್ತು. ಒಂದು ಸಂಜೆ ರಂಜಿನಿ ಇದ್ದಕ್ಕಿದ್ದಂತೆ, ಇವತ್ತು ತಾತ ಉಣ್ಣಿಸಲಿ ಎಂದು ಹಟ ಹಿಡಿದಳು. ಚೆನ್ನಯ್ಯ ಕೇಳಿಸದವರಂತೆ ತಲೆ ಬಗ್ಗಿಸಿದರು. ಆದರೆ ಯಶೋಧರಾ ಎದ್ದು ಬಂದು, ಹೆಸರು ಕೆತ್ತಿದ ತಟ್ಟೆಯನ್ನು ಅವರ ಮುಂದೆ ಇಟ್ಟಳು. ಬಿಸಿ ಮುದ್ದೆ, ಸೊಪ್ಪಿನ ಸಾರು. ಬನ್ನಿ ಮಾವ ಎಂದಳು.

ಅವರು ಹಿತ್ತಲಿಗೆ ಹೋಗಿ ಕೈ ತೊಳೆದರು. ಸೋಪು ಹಾಕಿ ತೊಳೆದರು, ಉಗುರಿನ ಸಂದಿ ಉಜ್ಜಿದರು, ಮತ್ತೆ ಸೋಪು ಹಾಕಿದರು. ಗೋಧಿ ಮುಟ್ಟಿ ಮೂರು ವಾರವಾಗಿದ್ದ ಕೈಗಳವು. ಒಳಗೆ ಬಂದು, ಮೊಮ್ಮಗಳ ಎದುರು ಕೂತು, ಮುದ್ದೆಯ ತುತ್ತು ಮುರಿದು ಸಾರಿಗೆ ಅದ್ದಿ, ಅವಳ ಬಾಯಿಯ ಹತ್ತಿರ ಹಿಡಿದರು.

ರಂಜಿನಿ ಬಾಯಿ ತೆರೆಯಲು ಹೋದವಳು ಅಮ್ಮನ ಮುಖ ನೋಡಿದಳು.

ಬೇಕೆಂದು ನೋಡಿದ್ದಲ್ಲ, ಅವಳಿಗೇ ಗೊತ್ತಿರಲಿಕ್ಕಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಯಾರು ಏನು ಕೊಟ್ಟರೂ ಮೊದಲು ಅಮ್ಮನನ್ನು ಕೇಳಬೇಕು ಎಂದು ಯಶೋಧರಾ ಹೇಳಿಕೊಟ್ಟಿದ್ದಳು, ಹೇಳಿಕೊಟ್ಟದ್ದು ಸರಿಯಾಗಿಯೇ ಇತ್ತು. ಚೆನ್ನಯ್ಯನವರ ಕೈ ತುತ್ತಿನ ಸಮೇತ ಗಾಳಿಯಲ್ಲಿ ನಿಂತಿತು. ಅರವತ್ತೆರಡು ವರ್ಷದ ಹಿಂದೆ ಸೀಬೆಹಣ್ಣು ಹಿಡಿದು ನಿಂತದ್ದು ಹೀಗೇ. ಅಂದು ಸಿಟ್ಟು ಮಾಡಿಕೊಳ್ಳಲಾದರೂ ಒಂದು ಊರಿತ್ತು. ಇಂದು ಯಾರ ಮೇಲೆ ಮಾಡಿಕೊಳ್ಳುವುದು?

ಯಶೋಧರಾ ಹೂಂ ಎಂದು ತಲೆಯಾಡಿಸಿದಳು. ಹುಡುಗಿ ನಗುತ್ತ ಬಾಯಿ ತೆರೆದಳು, ತುತ್ತು ನುಂಗಿದಳು, ಇನ್ನೂ ಬೇಕು ಎಂದಳು. ಚೆನ್ನಯ್ಯನವರ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು, ಒರೆಸಿಕೊಂಡರೆ ಕೈ ಮೈಲಿಗೆಯಾದೀತೆಂದು ಒರೆಸಿಕೊಳ್ಳಲಿಲ್ಲ. ಇನ್ನೊಂದು ತುತ್ತು ಮುರಿದು, ಸಾರಿಗೆ ಅದ್ದಿ, ಹಿಡಿದರು.

ಅದಕ್ಕೂ ರಂಜಿನಿ ಮೊದಲು ಅಮ್ಮನ ಮುಖ ನೋಡಿದಳು.